ಫಿನ್ಲೆಂಡಿನ ಕುರ್ಚಿ

ನಾಲ್ಕು ದೇಶಗಳ ಉನ್ನತ ಶಿಕ್ಷಣ ಯಾವ ಆಧಾರದ ಮೇಲೆ ನಿಂತಿತ್ತೋ ಆ ಆಧಾರವೇ ನವೆಂಬರ್ ತಿಂಗಳ ಒಂದು ಗುರುವಾರ, ಸದಸ್ಯರು ಕಾಫಿಗೆ ಎದ್ದುಹೋಗಿ ಬರುವಷ್ಟರಲ್ಲಿ, ಬೀಗ ಹಾಕಿದ ಕೋಣೆಯಿಂದ ಕಾಣೆಯಾಯಿತು. ಇಂಥ ಗಳಿಗೆಗಳಲ್ಲಿ ಇತಿಹಾಸಕಾರರು ಹತ್ತಿರದಲ್ಲಿ ಇರುವುದಿಲ್ಲ, ಅಂದೂ ಇರಲಿಲ್ಲ. ಇದ್ದವಳು ಕಚೇರಿಯ ಸಹಾಯಕಿ ಸೀಟ್ಸ್ಕೆ ಹಾಯ್ತೆಮಾ. ಕೋಣೆಯ ಕೀಲಿ ಇದ್ದದ್ದೂ ಅವಳ ಕೈಯಲ್ಲೇ.

ಕಾಣೆಯಾದದ್ದು ಒಂದು ಕಂಚಿನ ಕೈಗಂಟೆ.

ಜರ್ಮನಿ, ಪೋರ್ಚುಗಲ್, ಇಟಲಿ, ಫಿನ್ಲೆಂಡ್—ಈ ನಾಲ್ಕು ದೇಶಗಳ ಒಂದೊಂದು ದೂರಶಿಕ್ಷಣ ವಿಶ್ವವಿದ್ಯಾಲಯ ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ಒಬ್ಬರ ದೇಶದಲ್ಲಿ ಕಚೇರಿ ಇಡಲು ಇನ್ನೊಬ್ಬರು ಒಪ್ಪದೇ ಇದ್ದುದರಿಂದ ಕಚೇರಿ ನೆದರ್ಲೆಂಡ್ಸಿನ ದಕ್ಷಿಣ ಮೂಲೆಯ ವಾಲ್ಸ್‌ಬೀಕ್ ಎಂಬ ಊರಿನಲ್ಲಿತ್ತು. ಅಧ್ಯಕ್ಷತೆ ಸರದಿಯ ಮೇಲೆ ದೇಶದಿಂದ ದೇಶಕ್ಕೆ ತಿರುಗುತ್ತಿತ್ತು. ಮೊದಲ ಸಭೆಯ ರಾತ್ರಿಯೂಟದಲ್ಲಿ, ನಾಲ್ಕನೆಯ ಬಾಟಲಿಯ ನಂತರ, ಸಂಸ್ಥಾಪಕರು ನಿಯಮಾವಳಿಗೆ ಒಂದು ಸಾಲು ಸೇರಿಸಿದ್ದರು: ಗಂಟೆ ಕೈ ಬದಲಾಗುವ ತನಕ ಅಧ್ಯಕ್ಷತೆ ಕೈ ಬದಲಾಗತಕ್ಕದ್ದಲ್ಲ. ತಮಾಷೆಗೆ ಬರೆದದ್ದು. ಆದರೆ ಬರೆದವರು ನಿವೃತ್ತರಾದರು, ತಮಾಷೆ ಮಾತ್ರ ನಿಯಮಾವಳಿಯಲ್ಲಿ ಉಳಿಯಿತು. ನಿಯಮಾವಳಿಯಲ್ಲಿ ಉಳಿದದ್ದು ತಮಾಷೆಯಾಗಿ ಉಳಿಯುವುದು ಕಷ್ಟ.

ಆಗಿನ ಅಧ್ಯಕ್ಷ, ಜರ್ಮನಿಯ ಪ್ರೊಫೆಸರ್ ವೋಲ್ಕರ್ ಹಾನಿಶ್, ತನ್ನ ಕುರ್ಚಿಯಲ್ಲಿ ಕೂತು, ಅಭ್ಯಾಸದಂತೆ ಬಲಗೈ ಚಾಚಿದ. ಕೈಗೆ ಮೇಜು ಸಿಕ್ಕಿತು.

"ಗಂಟೆ ಎಲ್ಲಿ?"

ಅವನು ಬಾಗಿಲ ಕಡೆ ನೋಡಿದ.

"ಬೀಗ ಹಾಕಿದ್ದು ಯಾರು?"

"ನಾನು," ಎಂದಳು ಸೀಟ್ಸ್ಕೆ.

"ತೆಗೆದಿದ್ದು?"

"ನಾನೇ."

"ಇನ್ನೊಂದು ಕೀಲಿ?"

"ಇಲ್ಲ. ಕೇಳಿದ್ದೆ, ನೀವೇ ಬೇಡ ಅಂದಿದ್ರಿ."

ಹಾನಿಶ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಅವನು ಕನ್ನಡಕ ತೆಗೆದರೆ ಯಾರಿಗೋ ಕೆಟ್ಟದಾಗುತ್ತದೆ ಎಂಬುದು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. "ಇವತ್ತಿನ ಕೊನೆಯ ವಿಷಯ ಏನು, ಸೀಟ್ಸ್ಕೆ?"

ಅವಳಿಗೆ ಅದನ್ನು ನೋಡಿ ಹೇಳಬೇಕಾಗಿರಲಿಲ್ಲ. ಕೊನೆಯ ವಿಷಯ ಅವಳೇ. ಮೂರು ಬಾರಿ ತಾತ್ಕಾಲಿಕವಾಗಿ ಇಟ್ಟುಕೊಂಡವರನ್ನು ನಾಲ್ಕನೆಯ ಬಾರಿ ಕಾಯಂ ಮಾಡಬೇಕು, ಇಲ್ಲವೇ ಕಳಿಸಬೇಕು—ಆ ದೇಶದ ಕಾನೂನು ಹಾಗೆ. ಸೀಟ್ಸ್ಕೆಯ ಮೂರನೆಯ ಅವಧಿ ಆ ವಾರವೇ ಮುಗಿಯುತ್ತಿತ್ತು. ಮಧ್ಯಾಹ್ನ ಅಧ್ಯಕ್ಷತೆ ಪೋರ್ಚುಗಲ್‌ಗೆ ಹೋಗುವುದು, ಹೊಸ ಅಧ್ಯಕ್ಷೆ ಮೊದಲ ಕೆಲಸವಾಗಿ ಸಹಿ ಹಾಕುವುದು, ಸೀಟ್ಸ್ಕೆ ಕಾಯಂ. ಇದು ಒಪ್ಪಿತವಾಗಿತ್ತು. ಗಂಟೆ ಇಲ್ಲ ಎಂದರೆ ಹೊಸ ಅಧ್ಯಕ್ಷೆ ಇಲ್ಲ. ಹಳೆಯ ಅಧ್ಯಕ್ಷನ ಅಧಿಕಾರ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಸಹಿ ಹಾಕಲು ಇಡೀ ಯುರೋಪಿನಲ್ಲಿ ಒಂದು ಕೈಯೂ ಇಲ್ಲ.

"ಒಂದು ಗಂಟೆ ಕಾಯೋಕೆ ಆಗದವರನ್ನ ನಾವು ಕಾಯಂ ಮಾಡೋದು ಹೇಗೆ?" ಎಂದ ಹಾನಿಶ್.

ಸೀಟ್ಸ್ಕೆಯ ಕಿವಿ ಕೆಂಪಾದವು. ಆಗ ಬಾಗಿಲು ತೆರೆಯಿತು.

"ಯಾರಾದ್ರೂ ನನ್ನ ವಿದ್ಯಾರ್ಥಿಯನ್ನ ನೋಡಿದ್ರಾ? ಬೆಳಿಗ್ಗೆಯಿಂದ ಕೂತಿದ್ದೀನಿ, ಬಂದೇ ಇಲ್ಲ."

ಬಂದವಳು ಓಡಿಲಿಯಾ ಕ್ರೊಂಬಾಖ್. ಕಾನೂನು ಪ್ರಾಧ್ಯಾಪಕಿ, ಆ ಸೀಮೆಯವಳೇ, ಒಕ್ಕೂಟದ ಪರೀಕ್ಷಾ ಮಂಡಳಿಯ ಮುಖ್ಯಸ್ಥೆ. ಪರೀಕ್ಷೆಯಲ್ಲಿ ನಕಲು ಹೊಡೆದವರನ್ನು ವಿಚಾರಿಸುವುದರಲ್ಲಿ ತಲೆಗೂದಲು ಬೆಳ್ಳಗಾಗಿತ್ತು. ಅವಳ ಎದುರು ಕೂತ ವಿದ್ಯಾರ್ಥಿಗಳು ಅವಳು ಕೇಳದೆ ಇದ್ದ ತಪ್ಪುಗಳನ್ನೂ ಒಪ್ಪಿಕೊಳ್ಳುತ್ತಿದ್ದರಂತೆ. ಆ ದಿನ ಪಕ್ಕದ ಸಣ್ಣ ಕೋಣೆಯಲ್ಲಿ ಅವಳು ಒಂದು ಮೌಖಿಕ ಪರೀಕ್ಷೆ ನಡೆಸಬೇಕಿತ್ತು—ಅದೂ ಅಂತಿಂಥ ಪರೀಕ್ಷೆಯಲ್ಲ. ಒಕ್ಕೂಟ ಹುಟ್ಟಿದ್ದೇ ಒಂದು ಜಂಟಿ ಪದವಿ ಕೊಡಲಿಕ್ಕೆ. ವಸ್ತುವಿಜ್ಞಾನದಲ್ಲಿ ಆ ಪದವಿಯ ಕೊನೆಯ ಮೆಟ್ಟಿಲಿನವರೆಗೆ ಬಂದ ಮೊದಲ ವಿದ್ಯಾರ್ಥಿ ಅಂದು ಬರಬೇಕಿತ್ತು. ಹನ್ನೆರಡು ವರ್ಷಗಳ ಸಭೆಗಳ ಫಲ ಅವನೊಬ್ಬನೇ.

"ನಮ್ಮ ಗಂಟೆ ಕಳೆದುಹೋಗಿದೆ," ಎಂದ ಹಾನಿಶ್.

"ನನ್ನ ವಿದ್ಯಾರ್ಥಿ ಕಳೆದುಹೋಗಿದ್ದಾನೆ."

"ವಿದ್ಯಾರ್ಥಿಗಳು ಬೇರೆ ಸಿಗ್ತಾರೆ."

"ನಿಮಗೆ ಇಲ್ಲಿವರೆಗೆ ಸಿಕ್ಕಿಲ್ಲ," ಎಂದಳು ಓಡಿಲಿಯಾ. ಸೀಟ್ಸ್ಕೆಯ ಮುಖ ನೋಡಿದಳು. ಕುರ್ಚಿ ಎಳೆದುಕೊಂಡು ಕೂತಳು. "ಸರಿ. ಹೆಂಗೂ ಖಾಲಿ ಕೂತಿದ್ದೀನಿ. ಯಾರೂ ಯಾವುದನ್ನೂ ಮುಟ್ಟಬೇಡಿ. ನೀನು ಹೇಳು, ಹುಡುಗಿ. ಮೊದಲಿನಿಂದ."

ಸೀಟ್ಸ್ಕೆ ಹೇಳಿದಳು. ಬೆಳಿಗ್ಗೆ ಬೇಗ ಹಾನಿಶ್ ಬಂದು, ತನಗೆ ಕಿಟಕಿಯಾಚೆ ಮರಗಳು ಕಾಣುವ ದೊಡ್ಡ ಕೋಣೆಯೇ ಬೇಕೆಂದ. ಅದು ಪರೀಕ್ಷೆಗೆ ಇಟ್ಟ ಕೋಣೆ. ಅವಳು ಅದಲುಬದಲು ಮಾಡಿದಳು. ಮಾಡಿ, ಎಲ್ಲರ ಫೋನಿಗೂ ಸುದ್ದಿ ಕಳಿಸಿದಳು. ಇಟಲಿಯ ಎರ್ಮೆತೆ ಬ್ರಗದೀನ್ ಉಳಿದ ಸದಸ್ಯರಿಗಿಂತ ಮೊದಲು ಬಂದ. ಹೊಸ ಷೂ ಹಿಮ್ಮಡಿ ಕಚ್ಚುತ್ತಿದೆ, ಪ್ಲಾಸ್ಟರ್ ಇದೆಯೇ ಎಂದು ಕೇಳಿದ. ಪ್ರಥಮ ಚಿಕಿತ್ಸೆಯ ಡಬ್ಬಿ ಕೊಟ್ಟಳು. ಆಮೇಲೆ ಪೋರ್ಚುಗಲ್‌ನ ಲಿಯೊನಿಲ್ಡೆ ಸರ್ಮೆಂತು ಬಂದಳು. ಆಮೇಲೆ ಫಿನ್ಲೆಂಡಿನವರು. ಸಭೆ ಶುರುವಾಯಿತು. ಪರದೆಯ ಯಂತ್ರ ಕೀರಲು ಸದ್ದು ಮಾಡುತ್ತಿತ್ತು, ಅಧ್ಯಕ್ಷರು ಬೈದರು, ಅವಳು ಸದ್ದು ಆರಿಸಿದಳು.

"ಗಂಟೆ ಬಾರಿಸಿದ್ರಾ?"

"ಬಾರಿಸಿದ್ರು. ಪ್ರೊಫೆಸರ್ ಬ್ರಗದೀನ್ ಮಾತಾಡೋವಾಗ. ಆದ್ರೆ ಇವತ್ತು ಅದರ ಸದ್ದೇ ಸರಿ ಇರಲಿಲ್ಲ. ಮರದ ಚಮಚ ಬಡಿದ ಹಾಗೆ—ದಬ್, ದಬ್."

"ಆಮೇಲೆ?"

"ಕಾಫಿ. ಎಲ್ಲರೂ ಎದ್ದರು. ನಾನು ಕೊನೇಲಿ ಹೊರಗೆ ಬಂದು ಬೀಗ ಹಾಕಿದೆ."

"ಬೀಗ ಹಾಕುವಾಗ ಗಂಟೆ ಮೇಜಿನ ಮೇಲಿತ್ತಾ?"

"ಇತ್ತು."

"ನೋಡಿದೆಯಾ, ಅಥವಾ ಇರುತ್ತೆ ಅಂದುಕೊಂಡೆಯಾ?"

ಸೀಟ್ಸ್ಕೆ ಮೇಜಿನ ಖಾಲಿ ಜಾಗ ನೋಡಿದಳು. "ಅಂದುಕೊಂಡೆ," ಎಂದಳು.

"ಒಳ್ಳೇದು. ಈ ಕೋಣೆಯಲ್ಲಿ ಇವತ್ತು ನಿಜ ಹೇಳಿದ ಮೊದಲ ವ್ಯಕ್ತಿ ನೀನು," ಎಂದು ಓಡಿಲಿಯಾ ಹಾನಿಶ್ ಕಡೆ ತಿರುಗಿದಳು. "ಪ್ರೊಫೆಸರ್ರೇ, ಈ ಗಂಟೆ ಬಿಟ್ಟುಕೊಡೋಕೆ ನಿಮಗೆ ಇಷ್ಟ ಇತ್ತಾ?"

"ಇದೆಂಥ ಪ್ರಶ್ನೆ?"

"ಸುಲಭದ ಪ್ರಶ್ನೆ. ಹೌದು ಅಥವಾ ಇಲ್ಲ."

"ಎರಡು ವರ್ಷ ಅದು ನನ್ನ ಮೇಜಿನ ಮೇಲಿತ್ತು," ಎಂದ ಹಾನಿಶ್. ದನಿ ತುಸು ಇಳಿಯಿತು. "ಮನೇಲಿ ನನ್ನ ಮಾತು ಯಾರೂ ಕೇಳಲ್ಲ. ಇಲ್ಲಿ ಬಾರಿಸಿದ ತಕ್ಷಣ ಎಲ್ಲರೂ ಸುಮ್ಮನಾಗ್ತಾರೆ. ಇಷ್ಟ ಹೇಗಿರುತ್ತೆ? ಆದ್ರೆ ಕದಿಯೋದಾ? ನಾನು ಕಾಫಿ ಹೊತ್ತಿನಲ್ಲಿ ವ್ಲಾಯ್ ಅನ್ನೋ ಈ ಸೀಮೆಯ ಹಣ್ಣಿನ ಕೇಕಿನ ಮುಂದೆ ನಿಂತಿದ್ದೆ. ಎರಡು ತುಂಡು ತಿಂದೆ. ಚೆರ್ರಿಯದ್ದು."

"ಮೂರು," ಎಂದಳು ಲಿಯೊನಿಲ್ಡೆ. "ಅಂಚಿಂದೊಂದು, ನಡುವಿಂದೆರಡು. ನಾನು ಪಕ್ಕದಲ್ಲೇ ಇದ್ದೆ, ನನಗೆ ಉಳಿದಿದ್ದು ಅಕ್ಕಿ ಹಾಕಿದ್ದು."

"ನೀವು, ಲಿಯೊನಿಲ್ಡೆ?" ಎಂದಳು ಓಡಿಲಿಯಾ. "ಕೈಗೆ ಬರೋದನ್ನ ಕದಿಯೋ ಅಗತ್ಯ ನಿಮಗಿಲ್ಲ."

"ಅದಕ್ಕಂತ ಪೆಟ್ಟಿಗೆ ಮಾಡಿಸಿಕೊಂಡು ಬಂದಿದ್ದೀನಿ," ಎಂದು ಲಿಯೊನಿಲ್ಡೆ ಕಾಲಬುಡದಿಂದ ಒಂದು ಪೆಟ್ಟಿಗೆ ಎತ್ತಿ ತೋರಿಸಿದಳು. ಒಳಗೆ ನೀಲಿ ಮಖಮಲ್ಲು, ನಡುವೆ ಗಂಟೆಯ ಆಕಾರದ ಗುಣಿ. ಖಾಲಿ. "ಇದನ್ನ ವಾಪಸ್ ತಗೊಂಡು ಹೋಗಿ ನಮ್ಮವರಿಗೆ ಏನು ಹೇಳಲಿ? ನಮ್ಮ ಕುಲಪತಿ ಸ್ವಾಗತಕ್ಕೆ ಬ್ಯಾಂಡ್ ಹೇಳಿದ್ದಾರೆ."

"ಎರ್ಮೆತೆ?"

ಎರ್ಮೆತೆ ಬ್ರಗದೀನ್ ಕೈಗಳೆರಡನ್ನೂ ಎತ್ತಿದ. "ಎಲ್ಲರಿಗೂ ಮೊದಲ ಅನುಮಾನ ನನ್ನ ಮೇಲೇ, ಗೊತ್ತು. ಯಾಕಂದ್ರೆ ಆ ಗಂಟೆಯನ್ನ ನಾನು ದ್ವೇಷಿಸ್ತೀನಿ. ಮುಚ್ಚುಮರೆ ಇಲ್ಲ. ಇಲ್ಲಿಗೆ ಬರೋಕೆ ಶುರುಮಾಡಿದ ದಿನದಿಂದ ನಾನು ಒಂದೇ ಒಂದು ವಾಕ್ಯ ಪೂರ್ತಿ ಹೇಳಿಲ್ಲ. ನನ್ನ ಸಣ್ಣ ಸಲಹೆ ಏನಂದ್ರೆ ಅಂತ ಶುರುಮಾಡ್ತೀನಿ, ಅಷ್ಟರಲ್ಲಿ—"

"ನೀನು ಶುರುಮಾಡೋದು ಹನ್ನೊಂದನೇ ಶತಮಾನದಿಂದ," ಎಂದ ಹಾನಿಶ್.

"ಹಿನ್ನೆಲೆ ಬೇಡವಾ ಒಂದು ಸಲಹೆಗೆ?"

"ಹಿಮ್ಮಡಿ ಹೇಗಿದೆ ಈಗ?" ಎಂದಳು ಓಡಿಲಿಯಾ.

"ಯಾವುದು? ಓ. ಪರವಾಗಿಲ್ಲ. ಗುಣವಾಯ್ತು."

ಓಡಿಲಿಯಾ ಮತ್ತೇನೂ ಕೇಳಲಿಲ್ಲ. ಸೀಟ್ಸ್ಕೆ ಗಡಿಯಾರ ನೋಡಿದಳು. ಮಧ್ಯಾಹ್ನಕ್ಕೆ ಬಹಳ ಹೊತ್ತಿರಲಿಲ್ಲ. ಕಣ್ಣ ಮುಂದೆ ಬಂದದ್ದು ಒಂದೇ—ಉತ್ತರದ ತನ್ನ ಊರಿಗೆ ಮರಳಿ ಹೋಗುವುದು, ಅಕ್ಕ ಬಾಗಿಲು ತೆರೆದು 'ಮತ್ತೆ ಬಂದ್ಯಾ' ಎನ್ನುವುದು, ಹೌದು ಎನ್ನುವುದು.

"ಇಲ್ಲಿ ನಾಲ್ಕು ದೇಶಗಳ ಫಲಕ ಇವೆ," ಎಂದಳು ಓಡಿಲಿಯಾ. "ಮೂರು ದೇಶ ಕೂತಿವೆ. ಫಿನ್ಲೆಂಡ್ ಎಲ್ಲಿ?"

ಎಲ್ಲರೂ ಆ ಕುರ್ಚಿಯ ಕಡೆ ನೋಡಿದರು, ಅಂಥದ್ದೊಂದು ದೇಶ ಇದೆಯೆಂದು ಆಗಷ್ಟೇ ನೆನಪಾದವರಂತೆ.

"ಹೊರಗೆ ಗಾಳಿಗೆ ಹೋಗಿರಬೇಕು," ಎಂದಳು ಲಿಯೊನಿಲ್ಡೆ. "ಅವರಿಗೆ ಕಾಡು ಬೇಕು."

"ಕೋಟು ಇಲ್ಲೇ ಇದೆ. ಬರ್ತಾರೆ ಬಿಡಿ," ಎಂದ ಹಾನಿಶ್. "ತಾಯ್ಸ್ತೊ ಕಂಗಾಸ್ ಅಂದ್ರೆ ಚಿನ್ನದಂಥ ಮನುಷ್ಯ. ಬೆಳಿಗ್ಗೆಯಿಂದ ಒಂದೇ ಒಂದು ಮಾತು ಆಡಿದ್ದಾರೆ, ಅಷ್ಟೆ. ಅಂಥವರ ಮೇಲೆ ಅನುಮಾನ ಪಡೋದು ಪಾಪ."

"ಇದಕ್ಕೆ ಮೊದಲು ಅವರನ್ನ ನೋಡಿದ್ರಾ?"

"ಎರಡು ವರ್ಷದಿಂದ, ಪ್ರತಿ ತಿಂಗಳ ಆನ್‌ಲೈನ್ ಸಭೆಯಲ್ಲಿ."

"ಮುಖ?"

ಹಾನಿಶ್ ಯೋಚಿಸಿದ. "ಕಪ್ಪು ಚೌಕ," ಎಂದ ಕೊನೆಗೆ. "ಅವರು ಕ್ಯಾಮೆರಾ ಹಾಕಲ್ಲ."

ಓಡಿಲಿಯಾ ಎದ್ದು ಫಿನ್ಲೆಂಡಿನ ಕುರ್ಚಿಯ ಹಿಂದೆ ಹೋಗಿ ನಿಂತಳು. ಮುಟ್ಟಲಿಲ್ಲ. ಬಗ್ಗಿ ನೋಡಿದಳು. ದೇಶದ ಹೆಸರು ಬರೆದ ಫಲಕ ಬೇರೆಯವರಿಗೆ ಕಾಣುವಂತೆ ಆಚೆಗೆ ಮುಖ ಮಾಡಿತ್ತು. ಕೂತವನಿಗೆ ಕಾಣುವುದು ಅದರ ಬರಿ ಬೆನ್ನು. ಮೇಜಿನ ಮೇಲೆ ಆಚೀಚೆ ಕಾಣುವ ಪಾರದರ್ಶಕ ಚೀಲದಲ್ಲಿ ಮೂರು ಪೆನ್ನು. ಕೈಯಿಂದ ಬಿಚ್ಚಿಟ್ಟ ಗಡಿಯಾರ. ಒಂದು ನೀರಿನ ಬಾಟಲಿ. ಬಾಟಲಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಪೂರ್ತಿ ಕಿತ್ತಿದ್ದರು. ಅಂಟು ಮಾತ್ರ ಉಳಿದಿತ್ತು.

ಅವಳು ಅಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಂತಳು.

"ಸೀಟ್ಸ್ಕೆ, ಕಂಗಾಸ್‌ಗೆ ಫೋನ್ ಮಾಡು. ಎಲ್ಲರಿಗೂ ಕೇಳೋ ಹಾಗೆ."

ಸೀಟ್ಸ್ಕೆ ಮಾಡಿದಳು. ಒಂದೇ ಸದ್ದಿಗೆ ಎತ್ತಿದರು.

"ಹಾಂ," ಎಂದಿತು ಒಂದು ಗಂಡಸಿನ ದನಿ.

"ಪ್ರೊಫೆಸರ್ ಕಂಗಾಸ್? ನೀವು ಎಲ್ಲಿದ್ದೀರಿ?"

"ಸಭೆಯಲ್ಲಿ."

ಎಲ್ಲರೂ ಕುರ್ಚಿ ನೋಡಿದರು. ಕುರ್ಚಿ ಖಾಲಿಯೇ ಇತ್ತು.

"ಯಾವ ಸಭೆ?"

"ನಿಮ್ಮದೇ. ಬೆಳಿಗ್ಗೆಯಿಂದ ಇದ್ದೀನಿ. ಪರದೆ ಮೇಲೆ."

ಐದು ತಲೆಗಳು ಒಟ್ಟಿಗೆ ತಿರುಗಿದವು. ಗೋಡೆಯ ದೊಡ್ಡ ಪರದೆ ಕಪ್ಪಗಿತ್ತು. ಅದು ಆರಿದೆಯೆಂದೇ ಎಲ್ಲರೂ ತಿಳಿದಿದ್ದರು. ಹತ್ತಿರ ಹೋದಾಗ ಮೂಲೆಯಲ್ಲಿ ಸಣ್ಣಕ್ಷರದಲ್ಲಿ 'ತಾ. ಕಂಗಾಸ್' ಎಂದು ಕಂಡಿತು.

"ಮಗಳಿಗೆ ಜ್ವರ. ಬರೋಕಾಗಲ್ಲ, ಮನೆಯಿಂದಲೇ ಸೇರ್ತೀನಿ ಅಂತ ಹೋದ ವಾರ ಹಾನಿಶ್ ಹತ್ರ ಹೇಳಿದ್ದೆ."

"ಓ," ಎಂದ ಹಾನಿಶ್.

"ಒಂದು ಮಾತು ಹೇಳಬಾರದಿತ್ತಾ, ಮಾರಾಯ?" ಎಂದ ಎರ್ಮೆತೆ.

"ಹೇಳಿದೆ. ಧ್ವನಿ ಆರಿಸಿದ್ರಿ. ಆಮೇಲೆ ಕೈ ಎತ್ತಿದೆ. ಯಾರೂ ನೋಡಲಿಲ್ಲ. ಆಮೇಲೆ ಕಾಫಿ ಮಾಡಿಕೊಂಡೆ."

ದೂರದಲ್ಲಿದ್ದವರಿಗೆ ಪಾಠ ಹೇಳುವುದನ್ನೇ ಕಸುಬು ಮಾಡಿಕೊಂಡ ಮೂರು ಸಂಸ್ಥೆಗಳು ದೂರದಲ್ಲಿದ್ದ ಒಬ್ಬನೇ ಸದಸ್ಯನನ್ನು ಒಂದು ಬೆಳಗಿನ ಮಟ್ಟಿಗೆ ಗೋಡೆಯೆಂದು ತಿಳಿದಿದ್ದವು.

"ನಿಮಗೆ ಕೋಣೆ ಕಾಣುತ್ತಾ?" ಎಂದು ಓಡಿಲಿಯಾ ಕೇಳಿದಳು.

"ಛಾವಣಿ ಕಾಣುತ್ತೆ. ಆದ್ರೆ ಕೇಳಿಸುತ್ತೆ. ಚೆನ್ನಾಗಿ."

"ಕಾಫಿಗೆ ಏಳೋ ಮುಂಚೆ ಗಂಟೆ ಬಗ್ಗೆ ಯಾರಾದ್ರೂ ಏನಾದ್ರೂ ಹೇಳಿದ್ರಾ?"

ಫಿನ್ಲೆಂಡ್ ಯೋಚಿಸಿತು. ಅವರು ಯೋಚಿಸುವಾಗ ಸಂಪರ್ಕ ಕಡಿದಂತೆಯೇ ಇರುತ್ತದೆ.

"ಹಾನಿಶ್ ಹೇಳಿದ್ರು. 'ಇಷ್ಟು ಹೊತ್ತು ಸುಮ್ಮನೆ ಕೂತಿದ್ದೀರಲ್ಲ, ನೀವು ಹೇಳಿ, ಈ ಗಂಟೆಗೆ ಏನಾಗಿದೆ? ವಿರಾಮ ಆದ್ಮೇಲೆ ಉತ್ತರ ಬೇಕು' ಅಂತ. ನನ್ನನ್ನೇ ಕೇಳ್ತಿದ್ದಾರೆ ಅಂದುಕೊಂಡೆ. ಆದ್ರೆ ಬೇರೆ ಯಾರೋ ಮಾತಾಡಿದ್ರು. 'ಸಲಕರಣೆ ಬಳಸಬಹುದಾ?' ಅಂದ್ರು. ಹಾನಿಶ್ ನಕ್ಕು, 'ಏನು ಬೇಕಾದ್ರೂ ಬಳಸಿ' ಅಂದ್ರು."

"ಫಿನ್ಲೆಂಡಿನ ಹಾಸ್ಯ ಅಂದುಕೊಂಡೆ," ಎಂದ ಹಾನಿಶ್ ಕ್ಷೀಣವಾಗಿ.

ಓಡಿಲಿಯಾಳ ಮುಖದಲ್ಲಿ ಮೊದಲ ಬಾರಿಗೆ ನಗು ಕಾಣಿಸಿಕೊಂಡಿತು. ಸೀಟ್ಸ್ಕೆ ಅದನ್ನು ನೋಡಿದಳು. ಏಕೆಂದು ತಿಳಿಯದೆಯೇ ಗಡಿಯಾರದ ಕಡೆ ನೋಡುವುದನ್ನು ನಿಲ್ಲಿಸಿದಳು.

"ಎಲ್ಲರೂ ಕೋಟು ಹಾಕ್ಕೊಳ್ಳಿ," ಎಂದಳು ಓಡಿಲಿಯಾ. "ನಿನಗೆ ಏನೂ ಆಗಲ್ಲ, ಹುಡುಗಿ. ಗಂಟೆ ಕೆಳಗಿದೆ. ನನ್ನ ವಿದ್ಯಾರ್ಥಿಯೂ ಅಲ್ಲೇ ಇದ್ದಾನೆ."

"ಎರಡೂ ಒಟ್ಟಿಗೆ ಹೇಗೆ?" ಎಂದಳು ಲಿಯೊನಿಲ್ಡೆ.

"ಪಕ್ಕದ ಕೋಣೆಯಲ್ಲಿ ಒಬ್ಬ ಕಡಿಮೆ. ಈ ಕೋಣೆಯಲ್ಲಿ ಒಬ್ಬ ಹೆಚ್ಚು. ನೀವೆಲ್ಲ ಪ್ರೊಫೆಸರ್‌ಗಳು, ಕೂಡಿ ಕಳೀರಿ."

ವಾಹನ ನಿಲ್ಲಿಸುವ ಜಾಗದಲ್ಲಿ, ಸೈಕಲ್ಲುಗಳ ಚಪ್ಪರದ ಪಕ್ಕ, ಒಂದು ಬಿಳಿ ವ್ಯಾನು ನಿಂತಿತ್ತು. ಬೆಲ್ಜಿಯಂನ ಸಂಖ್ಯೆ; ಬದಿಯಲ್ಲಿ ಲಿಫ್ಟಿನ ಚಿತ್ರ. ಹಿಂಬಾಗಿಲು ಅರೆ ತೆರೆದಿತ್ತು. ಒಳಗೆ ದೀಪ, ನೆಲದ ಮೇಲೆ ಬಿಚ್ಚಿ ಬಿಸಾಡಿದ ಸ್ವೆಟರು. ಮಂಡಿಗಳ ನಡುವೆ ಕಂಚಿನ ಗಂಟೆಯನ್ನು ತಲೆಕೆಳಗಾಗಿ ಹಿಡಿದು, ಹಣೆಗೆ ಬೆಳಕಿನ ಪಟ್ಟಿ ಕಟ್ಟಿಕೊಂಡು, ಬೆಳಗಿನ ಫಿನ್ಲೆಂಡ್ ಕೂತಿತ್ತು. ಅವರನ್ನು ಕಂಡು ಅವನು ದಡಬಡಿಸಿ ಎದ್ದ. ತಲೆ ವ್ಯಾನಿನ ಛಾವಣಿಗೆ ತಾಗಿತು.

"ಸಮಯ ಮುಗೀತಾ?" ಎಂದು ಕೇಳಿದ. "ಇನ್ನೊಂಚೂರು. ಉತ್ತರ ಸಿಕ್ಕಿದೆ, ಜೋಡಿಸೋದು ಬಾಕಿ."

"ನಿಮ್ಮ ಹೆಸರು?" ಎಂದಳು ಓಡಿಲಿಯಾ.

"ವೆಂಡೆಲೀನ್ ಕೊಕಾರ್ಟ್ಸ್, ಮೇಡಂ. ಗುರುತಿನ ಚೀಟಿ ತೋರಿಸ್ಲಾ? ಬೆಳಿಗ್ಗೆ ಮೇಜಿನ ಮೂಲೆಯಲ್ಲೇ ಇಟ್ಟಿದ್ದೆ, ಯಾರೂ ನೋಡಲಿಲ್ಲ. ಏಳುವಾಗ ಜೇಬಿಗೆ ಹಾಕ್ಕೊಂಡೆ."

"ಕೋಣೆ ಬದಲಾಗಿದೆ ಅಂತ ನಿಮಗೆ ಸುದ್ದಿ ಹೋಗಿತ್ತು," ಎಂದಳು ಸೀಟ್ಸ್ಕೆ.

"ಹೋಗಿರಬಹುದು. ಪರೀಕ್ಷೆ ದಿನ ಫೋನ್ ಆರಿಸಿಡಬೇಕು ಅಂತ ನಿಯಮ ಇದೆಯಲ್ಲ. ಮನೆಯಲ್ಲೇ ಆರಿಸಿದ್ದೆ."

"ಒಂದು ಬೆಳಗಿಡೀ ಕೂತಿದ್ಯಲ್ಲಪ್ಪ," ಎಂದ ಹಾನಿಶ್. "ಇದು ಪರೀಕ್ಷೆ ಅಲ್ಲ ಅಂತ ಅನ್ನಿಸಲೇ ಇಲ್ವಾ?"

ವೆಂಡೆಲೀನ್ ಗಂಟೆಯನ್ನು ಎದೆಗವಚಿಕೊಂಡ. "ನಾನು ಒಂಬತ್ತು ವರ್ಷದಿಂದ ಓದ್ತಿದ್ದೀನಿ, ಸರ್. ಲಿಫ್ಟ್ ರಿಪೇರಿ ಕೆಲಸದ ಊಟದ ಬಿಡುವಲ್ಲಿ, ಲಿಫ್ಟಿನ ತಳದ ಗುಂಡಿಯೊಳಗೆ ಕೂತು. ನಿಮ್ಮಲ್ಲಿ ಒಬ್ಬರನ್ನೂ ನೋಡಿಲ್ಲ. ಪ್ರೊಫೆಸರ್‌ಗಳು ಹೇಗಿರ್ತಾರೆ ಅಂತ ನನಗೇನು ಗೊತ್ತು? ನೀವು ನಿಮ್ಮನಿಮ್ಮಲ್ಲೇ ಜಗಳ ಆಡ್ತಿದ್ರಿ. ನನ್ನ ಸಹನೆ ಪರೀಕ್ಷೆ ಮಾಡ್ತಿದ್ದೀರಿ ಅಂದುಕೊಂಡೆ. ಒಂದು ಸಲ ಎಲ್ಲರೂ ಕೈ ಎತ್ತಿದ್ರಿ, ನಾನೂ ಎತ್ತಿದೆ."

"ಯಾವುದಕ್ಕೆ?" ಎಂದು ಲಿಯೊನಿಲ್ಡೆ ಸೀಟ್ಸ್ಕೆಯ ಕಿವಿಯಲ್ಲಿ ಕೇಳಿದಳು.

"ವಿದ್ಯಾರ್ಥಿಗಳ ಅಭಿಪ್ರಾಯ ಕೇಳೋ ಸಮಿತಿಯನ್ನ ಮುಂದಕ್ಕೆ ಹಾಕೋದಕ್ಕೆ," ಎಂದಳು ಸೀಟ್ಸ್ಕೆ. "ಸರ್ವಾನುಮತ."

"ನಾನು ವಿರೋಧಿಸಿದ್ದೆ," ಎಂದಿತು ಅವಳ ಕೈಯಲ್ಲಿದ್ದ ಫೋನು. ಅದನ್ನು ಕಡಿಯಲು ಅವಳು ಮರೆತಿದ್ದಳು. ಫಿನ್ಲೆಂಡನ್ನು ಮರೆತದ್ದು ಅಂದು ಎರಡನೆಯ ಬಾರಿ. ಈ ಬಾರಿ ಎಲ್ಲರೂ ನಕ್ಕರು, ಹಾನಿಶ್ ಕೂಡ.

"ಓಡಿಲಿಯಾ, ನಿಮಗೆ ಹೇಗೆ ಗೊತ್ತಾಯ್ತು?" ಎಂದು ಸೀಟ್ಸ್ಕೆ ಕೇಳಿದಳು.

"ಬಾಟಲಿಯಿಂದ. ಸಭೆಗೆ ಬಂದವರು ಯಾರಾದ್ರೂ ನೀರಿನ ಬಾಟಲಿಯ ಚೀಟಿ ಕಿತ್ತು ಬರ್ತಾರಾ? ಆ ಚೀಟಿಯ ಒಳಮೈ ಮೇಲೆ ಸೂತ್ರ ಬರೆದುಕೊಂಡು ಬಂದವನೊಬ್ಬನನ್ನ ನಾನೇ ಹಿಡಿದಿದ್ದೆ. ಅವತ್ತಿಂದ ಚೀಟಿ ಕಿತ್ತ ಬಾಟಲಿ, ಒಳಗೆ ಕಾಣೋ ಚೀಲದಲ್ಲಿ ಪೆನ್ನು, ಗಡಿಯಾರ ಬಿಚ್ಚಿ ಮೇಜಿನ ಮೇಲೆ—ಇದು ನಮ್ಮ ಪರೀಕ್ಷೆಯ ನಿಯಮ. ನೀವೆಲ್ಲ ಅದನ್ನ ನೋಡಿದ್ರಿ. ನೋಡಿ, ಫಿನ್ಲೆಂಡಿನ ಪದ್ಧತಿ ಅಂದುಕೊಂಡ್ರಿ. ಆಮೇಲೆ 'ಸಲಕರಣೆ ಬಳಸಬಹುದಾ' ಅನ್ನೋ ಪ್ರಶ್ನೆ. ಹಾಗೆ ಕೇಳೋನು ಭೂಮಿ ಮೇಲೆ ಒಬ್ಬನೇ—ಪರೀಕ್ಷೆಗೆ ಕೂತವನು. ಸಲಕರಣೆ ಇರೋದು ಗಾಡಿಯಲ್ಲಿ, ಗಾಡಿ ಇರೋದು ಕೆಳಗೆ. ಬೀಗದ ವಿಷಯ ಸುಲಭ. ಎಲ್ಲರೂ ವ್ಲಾಯ್ ಕಡೆ ಓಡಿದ್ರಿ, ಇವನು ಗಂಟೆಯನ್ನ ಸ್ವೆಟರಿನಲ್ಲಿ ಸುತ್ತಿ ನಿಮ್ಮ ಜೊತೆಗೇ ಹೊರಗೆ ಬಂದ. ಸೀಟ್ಸ್ಕೆ ಬೀಗ ಹಾಕಿದ್ದು ಖಾಲಿ ಮೇಜಿಗೆ."

"ನೀವೇ ನನಗೆ ಬಾಗಿಲು ಹಿಡಿದುಕೊಂಡಿದ್ರಿ," ಎಂದ ವೆಂಡೆಲೀನ್, ಸೀಟ್ಸ್ಕೆಗೆ. "ಥ್ಯಾಂಕ್ಸ್ ಹೇಳಿದ್ದೆ."

"ಹೌದು," ಎಂದಳು ಸೀಟ್ಸ್ಕೆ. ಈಗ ನೆನಪಾಯಿತು. ಸೆಕೆಯಾಗಿ ಸ್ವೆಟರು ಬಿಚ್ಚಿದ್ದಾನೆ ಎಂದುಕೊಂಡಿದ್ದಳು. ನವೆಂಬರಿನಲ್ಲಿ. ಫಿನ್ಲೆಂಡಿನವರಲ್ಲವೇ ಎಂದೂ ಅಂದುಕೊಂಡಿದ್ದಳು.

"ಹಾಗಾದ್ರೆ ಅಪರಾಧಿ ಇಲ್ಲ," ಎಂದ ಎರ್ಮೆತೆ ಉತ್ಸಾಹದಿಂದ. "ಒಳ್ಳೇದೇ ಆಯ್ತು. ನಡೀರಿ, ಮೇಲೆ ಹೋಗೋಣ, ಚಳಿ."

"ಒಂದು ನಿಮಿಷ," ಎಂದಳು ಓಡಿಲಿಯಾ. "ಅಭ್ಯರ್ಥಿಯ ಉತ್ತರ ಕೇಳಿಲ್ಲ. ಶ್ರೀ ಕೊಕಾರ್ಟ್ಸ್, ಗಂಟೆಗೆ ಏನಾಗಿದೆ?"

ವೆಂಡೆಲೀನ್ ನೆಟ್ಟಗೆ ನಿಂತ. ಅವನ ದನಿಯೇ ಬದಲಾಯಿತು. "ಗಂಟೆಯ ಮೈಗೆ ಏನೂ ಆಗಿಲ್ಲ. ಬಿರುಕಿಲ್ಲ, ತುಕ್ಕಿಲ್ಲ. ಕಂಚಿನಲ್ಲಿ ತವರ ಜಾಸ್ತಿ, ಹಾಗಾಗಿ ದನಿ ತೆಳ್ಳಗೆ, ಉದ್ದ ಇರಬೇಕು. ದನಿ ಸತ್ತಿದ್ದು ನಾಲಿಗೆಯಿಂದ. ಗಟ್ಟಿ ಲೋಹಕ್ಕೆ ಗಟ್ಟಿ ಲೋಹ ಬಡೀಬೇಕು, ನಡುವೆ ಮೆತ್ತನೆಯದು ಬಂದ್ರೆ ಕಂಪನ ಅಲ್ಲೇ ಸಾಯುತ್ತೆ. ನಾಲಿಗೆಗೆ ಇದನ್ನ ಸುತ್ತಿದ್ರು." ಅಂಗೈ ತೆರೆದು ತೋರಿಸಿದ.

ಮೈಬಣ್ಣದ ಪ್ಲಾಸ್ಟರು. ಹಿಮ್ಮಡಿಗೆ ಹಾಕುವಂಥದ್ದು. ದಪ್ಪನೆಯದು.

ಓಡಿಲಿಯಾ ತಿರುಗಲೇ ಇಲ್ಲ. "ಎರ್ಮೆತೆ," ಎಂದಳು, "ಷೂ ಬಿಚ್ಚಿ."

"ಈ ಚಳಿಯಲ್ಲಾ?"

"ಎರಡರಲ್ಲಿ ಯಾವುದಾದ್ರೂ ಸರಿ. ಗಾಯ ಇದ್ರೆ ಕ್ಷಮೆ ಕೇಳ್ತೀನಿ."

ಎರ್ಮೆತೆ ತನ್ನ ಷೂಗಳನ್ನು ನೋಡಿದ. ಹಳೆಯವು, ವರ್ಷಗಳಿಂದ ಪಾದಕ್ಕೆ ಒಗ್ಗಿ ಸಡಿಲವಾದವು. ಹೊಸವಲ್ಲ ಎನ್ನಲು ಪರಿಣತರು ಬೇಕಿರಲಿಲ್ಲ. ಸೀಟ್ಸ್ಕೆ ಬೆಳಿಗ್ಗೆ ಡಬ್ಬಿ ಕೊಡುವಾಗ ಅವನ ಮುಖ ನೋಡಿದ್ದಳು, ಪಾದ ನೋಡಿರಲಿಲ್ಲ.

"ಹಾನಿಶ್‌ನ ಕೊನೇ ದಿನ," ಎಂದ ಎರ್ಮೆತೆ ಕೊನೆಗೆ. "ಒಂದೇ ಒಂದು ವಾಕ್ಯ. ಗಂಟೆ ಮೂಕವಾದ್ರೆ ಮುಗಿ­ಸಬಹುದು ಅಂದುಕೊಂಡೆ. ಅವನು ದಬ್ ದಬ್ ಅಂತ ಬಡಿದೇ ನಿಲ್ಲಿಸಿದ. ಮೇಜು ಬಡಿದಿದ್ರೂ ಸಾಕಿತ್ತು." ಆಮೇಲೆ ಸೀಟ್ಸ್ಕೆಯ ಕಡೆ ತಿರುಗಿ, ದನಿ ತಗ್ಗಿಸಿ ಹೇಳಿದ: "ನಿನ್ನ ತಲೆ ಮೇಲೆ ಬರುತ್ತೆ ಅಂತ ಯೋಚನೆ ಮಾಡಲಿಲ್ಲ. ಮಾಡಬೇಕಿತ್ತು. ತಪ್ಪಾಯ್ತು."

"ಪ್ಲಾಸ್ಟರ್ ಡಬ್ಬಿ ವಾಪಸ್ ಕೊಡಿ," ಎಂದಳು ಸೀಟ್ಸ್ಕೆ. ಇನ್ನೂ ಏನಾದರೂ ಹೇಳಬಹುದಿತ್ತು. ಬದಲಿಗೆ ವ್ಯಾನಿನ ಅಂಚಿನ ಮೇಲೆ ಕೂತಳು. ವೆಂಡೆಲೀನ್ ತನ್ನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಟ್ಟ. ಅದು ಕಚೇರಿಯ ಕಾಫಿಗಿಂತ ಚೆನ್ನಾಗಿತ್ತು.

ಹಾನಿಶ್ ಕೋಟಿನ ಜೇಬಿನಿಂದ ಕನ್ನಡಕ ಹೊರತೆಗೆದು ಹಾಕಿಕೊಂಡ. "ಆ ವಾಕ್ಯ ಏನು?" ಎಂದ.

"ಯಾವುದು?"

"ನಿನ್ನ ವಾಕ್ಯ. ಮಧ್ಯಾಹ್ನದ ತನಕ ನಾನು ಅಧ್ಯಕ್ಷ. ಅಪ್ಪಣೆ ಕೊಟ್ಟಿದ್ದೀನಿ. ಹೇಳು. ಹನ್ನೊಂದನೇ ಶತಮಾನ ಬೇಡ."

ಎರ್ಮೆತೆ ಗಂಟಲು ಸರಿಮಾಡಿಕೊಂಡ. ಇಷ್ಟು ವರ್ಷದ ವಾಕ್ಯ. ಈಗ ತಡೆಯುವವರಿಲ್ಲದೆ ಅವನಿಗೇ ಸ್ವಲ್ಪ ಮುಜುಗರವಾಯಿತು. "ನನ್ನ ಸಣ್ಣ ಸಲಹೆ ಏನಂದ್ರೆ," ಎಂದ, "ಒಂದು ಸಭೆಗಾದ್ರೂ ಒಬ್ಬ ವಿದ್ಯಾರ್ಥಿಯನ್ನ ಕರೆಸಿ ಕೂರಿಸಿಕೊಳ್ಳೋಣ."

ಎಲ್ಲರೂ ವೆಂಡೆಲೀನ್ ಕಡೆ ತಿರುಗಿದರು. ಅವನು ಗಂಟೆಯ ನಾಲಿಗೆಯನ್ನು ಕೊಂಡಿಗೆ ಸಿಕ್ಕಿಸಿ, ತಿರುಪು ಬಿಗಿದು, ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ತಪ್ಪು ಉತ್ತರ ಹೇಳಿಬಿಟ್ಟೆನೇನೋ ಎಂಬ ಅಳುಕು ಅವನಿಗೆ.

"ಬಾರಿಸಿ ನೋಡ್ಲಾ?" ಎಂದ.

ಬಾರಿಸಿದ. ತೆಳ್ಳಗಿನ, ಉದ್ದನೆಯ ದನಿ ಸೈಕಲ್ಲುಗಳ ಚಪ್ಪರ ದಾಟಿ, ಮರಗಳ ತನಕ ಹೋಯಿತು. ಮೇಲಿನ ಮಹಡಿಯ ಕಿಟಕಿಗಳಲ್ಲಿ ಯಾರೋ ಇಣುಕಿದರು.

"ಕೇಳಿಸ್ತು," ಎಂದಿತು ಫೋನು.

ಓಡಿಲಿಯಾ ಕೈಗಡಿಯಾರ ನೋಡಿದಳು. "ಸಣ್ಣ ಕೋಣೆಗೆ ನಡೀರಿ, ಶ್ರೀ ಕೊಕಾರ್ಟ್ಸ್. ಇನ್ನೂ ಎರಡು ಪ್ರಶ್ನೆ ಇವೆ. ಮೊದಲನೆಯದಕ್ಕೆ ಅಂಕ ಕೊಟ್ಟಾಗಿದೆ. ಬಾಟಲಿ ತಗೊಳ್ಳಿ."

ಮಧ್ಯಾಹ್ನ ಹಾನಿಶ್ ಗಂಟೆಯನ್ನು ನೀಲಿ ಮಖಮಲ್ಲಿನ ಗುಣಿಯೊಳಗೆ ಇಟ್ಟ. ಇಡುವ ಮೊದಲು ಒಂದು ಸಲ, ಯಾರ ಮಾತನ್ನೂ ನಿಲ್ಲಿಸದೆ, ಸುಮ್ಮನೆ ಬಾರಿಸಿದ. ವಿದ್ಯಾರ್ಥಿಗಳ ಸಮಿತಿಯ ಬಗ್ಗೆ ಮತ್ತೊಮ್ಮೆ ಮತ ಹಾಕಿ, ಅದನ್ನು ಮುಂದಕ್ಕೆ ಹಾಕದಿರಲು ಒಪ್ಪಿದರು. ಪರದೆಯ ಸದ್ದು ಈ ಬಾರಿ ಜೋರಾಗಿಟ್ಟಿದ್ದರು. ಕೀರಲು ಸದ್ದನ್ನು ಯಾರೂ ಬೈಯಲಿಲ್ಲ.

ವೆಂಡೆಲೀನ್ ಕೊಕಾರ್ಟ್ಸ್ ತೇರ್ಗಡೆಯಾದ. ಗಂಟೆ ಪೋರ್ಚುಗಲ್‌ಗೆ ಹೋಯಿತು. ಸೀಟ್ಸ್ಕೆ ಹಾಯ್ತೆಮಾಳ ಕೆಲಸ ಕಾಯಂ ಆಯಿತು.